ಹುಡುಗಿಯರ ಸಂಘಕ್ಕೆ ಮೊದಲು ಬೇಕಾದ್ದು ಒಂದು ಟ್ರಂಕು, ಅದರ ಕೀಲಿಕೈ

ಪ್ರಶ್ನೆ: ಅಕ್ಕಾ, ನನಗೆ 23 ವರ್ಷ. ಡಿಗ್ರಿ ಮುಗಿಸಿ ಊರಲ್ಲೇ ಇದ್ದೇನೆ, ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ನಮ್ಮೂರು ಕೊಪ್ಪಳ ಜಿಲ್ಲೆಯಲ್ಲಿದೆ. ಇಲ್ಲಿ ಒಂದು ಯುವಕ ಸಂಘ ಇದೆ. ಗಣಪತಿ ಕೂರಿಸೋದು, ಕಬಡ್ಡಿ ಟೂರ್ನಮೆಂಟ್ ಎಲ್ಲಾ ಚೆನ್ನಾಗಿ ಮಾಡ್ತಾರೆ. ಈ ವರ್ಷ ‘ಹೆಣ್ಣುಮಕ್ಕಳಿಗೂ ಏನಾದ್ರೂ ಮಾಡೋಣ’ ಅಂತ ನನ್ನನ್ನು ಕರೆದರು. ಒಂದು ದಿನದ ಜಾಗೃತಿ ಕಾರ್ಯಕ್ರಮ, ಆಮೇಲೆ ಹೊಲಿಗೆ ತರಬೇತಿ ಅಂತ ಅವರ ಯೋಚನೆ. ಇದರಿಂದ ನಿಜವಾಗ್ಲೂ ಏನಾದ್ರೂ ಬದಲಾಗುತ್ತಾ? ಹುಡುಗಿಯರದ್ದೇ ಬೇರೆ ಸಂಘ ಬೇಕಾ, ಇಲ್ಲಾ ಅವರ ಜೊತೆನೇ ಸೇರಬೇಕಾ? ಮನೆಯವರು ಕಳಿಸಲ್ಲ ಅಂದ್ರೆ ಏನು ಮಾಡೋದು?

ಉತ್ತರ: ಮೊದಲು ಆ ಒಂದು ದಿನದ ಕಾರ್ಯಕ್ರಮವನ್ನು ಕೈಬಿಡಿ. ಅದಕ್ಕೆ ಅಂತ ಎತ್ತಿಟ್ಟ ದುಡ್ಡು ಹಾಗೇ ಇರಲಿ, ಬೇರೆ ಕೆಲಸಕ್ಕೆ ಬೇಕಾಗುತ್ತದೆ.

ಅನುಭವದಿಂದ ಹೇಳುತ್ತಿದ್ದೇನೆ. ಊರೂರಲ್ಲಿ ಹುಡುಗಿಯರ ಗುಂಪು ಕಟ್ಟೋ ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೂ ಅಂಥದ್ದೇ ಒಂದು ಕಾರ್ಯಕ್ರಮ ಮಾಡಿಸಿದ್ದೆ. ಶಾಮಿಯಾನ, ಬ್ಯಾನರ್, ವೇದಿಕೆ ಮೇಲೆ ಹನ್ನೊಂದು ಕುರ್ಚಿ, ಹನ್ನೊಂದು ಜನಕ್ಕೂ ಹಾರ, ಶಾಲು. ಸುತ್ತಲಿನ ಊರುಗಳಿಂದ ಮುನ್ನೂರು ಹುಡುಗಿಯರು ಬಂದಿದ್ದರು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಕೂತು ಕೇಳಿದರು, ಪಲಾವ್ ತಿಂದರು, ಟ್ರ್ಯಾಕ್ಟರ್ ಹತ್ತಿ ಹೋದರು. ಮೂರು ತಿಂಗಳಲ್ಲಿ, ಅವತ್ತು ಬಾಲ್ಯವಿವಾಹ ಬೇಡ ಅನ್ನೋ ನಾಟಕದಲ್ಲಿ ಪಾತ್ರ ಮಾಡಿದ್ದ ಹುಡುಗಿಗೇ ಮದುವೆ ಆಯಿತು. ಒಂಬತ್ತನೇ ತರಗತಿ ಓದುತ್ತಿದ್ದಳು. ನಮಗೆ ಗೊತ್ತಾಗಿದ್ದು ಅವಳು ಗಂಡನ ಮನೆಗೆ ಹೋದ ಮೇಲೆ. ಅವಳ ತಾಯಿಯನ್ನು ಕೇಳಿದೆ. ‘ಬ್ಯಾಡ ಅಂತ ಅತ್ಲುರೀ. ಒಬ್ಬಾಕಿ ಹಟ ಮಾಡಿದ್ರ ನಡೀತದೇನ್ರೀ’ ಅಂದರು.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಿಮ್ಮ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಆ ಹುಡುಗಿಗೆ ತಿಳುವಳಿಕೆ ಇತ್ತು. ಬೇಡ ಅನ್ನೋ ಧೈರ್ಯವೂ ಇತ್ತು, ಬಾಯಿಬಿಟ್ಟು ಹೇಳಿಯೇ ಹೇಳಿದ್ದಳು. ಅವಳ ಹಿಂದೆ ನಿಲ್ಲೋ ಜನ ಇರಲಿಲ್ಲ, ಅಷ್ಟೇ. ಒಬ್ಬಳೇ ಹುಡುಗಿ ಹೇಳಿದರೆ ಅದಕ್ಕೆ ಹಟ ಅಂತ ಹೆಸರು. ಅದೇ ಮಾತನ್ನು ಹದಿನೈದು ಹುಡುಗಿಯರು, ಅವರಲ್ಲಿ ನಾಲ್ಕು ಜನರ ತಾಯಂದಿರು, ಜೊತೆಗೆ ಶಾಲೆಯ ಒಬ್ಬ ಟೀಚರ್ ಸೇರಿ ಹೇಳಿದರೆ ಊರಿನವರು ಕಟ್ಟೆ ಮೇಲೆ ಕೂತು ಮಾತಾಡಲೇಬೇಕಾಗುತ್ತದೆ. ಯುವ ಸಂಘಟನೆಗಳು ಹೆಣ್ಣುಮಕ್ಕಳಿಗೆ ಬಲ ತುಂಬುತ್ತವೆ ಅಂತ ನಾವೆಲ್ಲ ಹೇಳುತ್ತೇವಲ್ಲ, ಆ ಬಲ ಅಂದರೆ ನನ್ನ ಪ್ರಕಾರ ಇದೇ. ಹೊಲಿಗೆ, ಕಂಪ್ಯೂಟರ್, ಇಂಗ್ಲಿಷ್ ಎಲ್ಲಾ ಆಮೇಲೆ.

ಕಾಯ್ದೆ ಇದೆಯಲ್ಲ ಅನ್ನಬಹುದು. ಇದೆ, ಗಟ್ಟಿಯಾಗೇ ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿ ತಂದಿತು. 2017ರಿಂದ ನಮ್ಮ ರಾಜ್ಯದಲ್ಲಿ ಅಂಥ ಮದುವೆ ನಡೆದರೂ ಅದು ಮೊದಲಿನಿಂದಲೇ ಅಸಿಂಧು, ಅಂದರೆ ಮದುವೆಯೇ ಅಲ್ಲ. ಈಗ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2015-16ರಲ್ಲಿ ಶೇ. 21.4. 2019-21ರಲ್ಲಿ ಶೇ. 21.3. ಅಲ್ಲಾಡಲೇ ಇಲ್ಲ. ಈ ಎರಡನೇ ಲೆಕ್ಕದಲ್ಲಿರುವ ಎಷ್ಟೋ ಜನರ ಮದುವೆ ತಿದ್ದುಪಡಿಗೆ ಮುಂಚೆಯೇ ಆಗಿತ್ತು, ಹಾಗಾಗಿ ತಿದ್ದುಪಡಿಯನ್ನು ದೂರುವುದು ತಪ್ಪು. ಆದರೆ 2006ರ ಮೂಲ ಕಾಯ್ದೆ ಆಗಲೂ ಇತ್ತಲ್ವಾ? ಕಾಯ್ದೆ ತಾಲ್ಲೂಕು ಕಚೇರಿಯಲ್ಲಿರುತ್ತದೆ, ಹುಡುಗಿ ಅಡುಗೆಮನೆಯಲ್ಲಿರುತ್ತಾಳೆ. ಅವೆರಡರ ನಡುವೆ ಯಾರಾದರೂ ಓಡಾಡಬೇಕು.

ಇನ್ನು ಬೇರೆ ಸಂಘವೋ, ಅವರ ಜೊತೆಗೋ ಅನ್ನೋದು. ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಹಳೇ ಕತೆ ಇದೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ದೊಡ್ಡ ಸಮಾವೇಶ ನಡೆಯಿತು. ಯಾರೂ ಕರೆಯದೆ ಇದ್ದರೂ ಒಂದಷ್ಟು ಹುಡುಗಿಯರು ತಾವೇ ಸ್ಕೌಟ್ ಉಡುಪು ಹಾಕಿಕೊಂಡು ಬಂದು ನಿಂತುಬಿಟ್ಟರು, ನಮಗೂ ಬೇಕು ಅಂದರು. ಮರುವರ್ಷ, 1910ರಲ್ಲಿ, ಗರ್ಲ್ ಗೈಡ್ಸ್ ಶುರುವಾಯಿತು. 1911ರ ಹೊತ್ತಿಗೆ ಅದು ಜಬಲ್ಪುರಕ್ಕೂ ಬಂದಿತ್ತು. ನಮ್ಮಲ್ಲಿ 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು, 1951ರಲ್ಲಿ ಗೈಡ್ಸ್ ಸಂಘವೂ ಅದರೊಳಗೆ ಬಂತು. ಈಗಲೂ ನೋಡಿ, ಸಂಸ್ಥೆ ಒಂದೇ, ಆದರೆ ಗೈಡ್ಸ್ ತಂಡ ಬೇರೆ, ಅದನ್ನು ನೋಡಿಕೊಳ್ಳೋ ಗೈಡ್ ಕ್ಯಾಪ್ಟನ್ ಹೆಣ್ಣೇ. ತಂಡದೊಳಗೆ ಆರೆಂಟು ಹುಡುಗಿಯರದ್ದು ಒಂದೊಂದು ಪೆಟ್ರೋಲ್, ಅವರಲ್ಲೇ ಒಬ್ಬಳು ಲೀಡರ್. ಟೆಂಟ್ ಹಾಕೋದರಿಂದ ಅಡುಗೆಗೆ ಒಲೆ ಹೂಡೋವರೆಗೆ ಕೆಲಸ ಹಂಚೋದು ಅವಳೇ. ಹದಿಮೂರು ವರ್ಷದ ಹುಡುಗಿ ಇನ್ನೊಬ್ಬರಿಗೆ ಕೆಲಸ ಹೇಳಿ, ಅದು ಆಗದೇ ಹೋದರೆ ತಾನೇ ಉತ್ತರ ಕೊಡೋ ಜಾಗ ನಮ್ಮ ಊರುಗಳಲ್ಲಿ ಬೇರೆಲ್ಲಿದೆ ಹೇಳಿ?

ನೀವೂ ಹಾಗೇ ಮಾಡಿ. ಯುವಕ ಸಂಘದ ಜೊತೆ ಜಗಳ ಬೇಡ, ಅವರ ಹೆಸರಿಗೆ ಊರಲ್ಲಿ ಬೆಲೆ ಇದೆ, ಅದು ನಿಮಗೆ ನೆರಳಾಗುತ್ತದೆ. ಆದರೆ ಹುಡುಗಿಯರ ಗುಂಪು ಬೇರೆಯೇ ಇರಲಿ. ಅವರ ಸಭೆ ಅವರದ್ದು, ಪುಸ್ತಕ ಅವರದ್ದು, ದುಡ್ಡು ಅವರದ್ದು. ಒಟ್ಟಿಗೆ ಕೂರಿಸಿದರೆ ಏನಾಗುತ್ತದೆ ಅಂತ ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಹುಡುಗರು ಮಾತಾಡುತ್ತಾರೆ, ಹುಡುಗಿಯರು ರಂಗೋಲಿ ಹಾಕುತ್ತಾರೆ, ಪ್ರಾರ್ಥನೆ ಹಾಡುತ್ತಾರೆ, ಅತಿಥಿಗಳಿಗೆ ಹೂ ಕೊಡುತ್ತಾರೆ. ಹುಡುಗರು ಕೆಟ್ಟವರು ಅಂತಲ್ಲ. ಇಬ್ಬರಿಗೂ ಅದೇ ರೂಢಿ.

ಈಗ ಜಾಗದ ವಿಷಯ. ಇದನ್ನು ಜನ ಸಣ್ಣದು ಅಂದುಕೊಳ್ಳುತ್ತಾರೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಉಗಾಂಡದಲ್ಲಿ ಹದಿಹರೆಯದ ಹುಡುಗಿಯರಿಗೆ ಕ್ಲಬ್ ಶುರು ಮಾಡಿತು. ವಾರದಲ್ಲಿ ಐದು ಮಧ್ಯಾಹ್ನ ಬಾಗಿಲು ತೆರೆದಿರುತ್ತಿತ್ತು. ಆಟ, ಹಾಡು, ಮೈ-ಆರೋಗ್ಯದ ಮಾತು, ದುಡಿಮೆಯ ಕೆಲಸ, ಎಲ್ಲಾ ಅಲ್ಲೇ. ಕ್ಲಬ್ ಇದ್ದ ಊರು, ಇಲ್ಲದ ಊರು ಅಂತ ನಾಲ್ಕು ವರ್ಷ ಹೋಲಿಸಿ ನೋಡಿದರು. ಕ್ಲಬ್ ಇದ್ದ ಕಡೆ ಹದಿಹರೆಯದಲ್ಲೇ ಬಸುರಾಗೋದು ಮೂರನೇ ಒಂದು ಭಾಗ ಕಡಿಮೆಯಾಗಿತ್ತು, ಬೇಗ ಮದುವೆ ಆಗೋದೂ ಇಳಿದಿತ್ತು, ಸ್ವಂತ ದುಡಿಮೆ ಮಾಡುವ ಹುಡುಗಿಯರು ಜಾಸ್ತಿ ಇದ್ದರು. ಅದೇ ಕೆಲಸವನ್ನು ಟಾಂಜಾನಿಯಾದಲ್ಲಿ ಮಾಡಿದಾಗ ಅಂಥ ಫಲ ಕಾಣಲಿಲ್ಲ. ಅಲ್ಲಿ ಕ್ಲಬ್ ನಡೆಸೋಕೆ ಸರಿಯಾದ ಜಾಗ, ಸಾಮಾನು ಇರಲಿಲ್ಲ ಅನ್ನೋದು ಮುಖ್ಯ ಕಾರಣಗಳಲ್ಲಿ ಒಂದು. ಪಾಠ ಅದೇ, ಸಂಸ್ಥೆ ಅದೇ. ನೆಲೆ ಇರಲಿಲ್ಲ.

ನಮ್ಮ ಹುಡುಗರಿಗೆ ಕಟ್ಟೆ ಇದೆ, ಚಹಾದಂಗಡಿ ಇದೆ, ಮೈದಾನ ಇದೆ, ಕಟಿಂಗ್ ಶಾಪ್ ಇದೆ. ಹುಡುಗಿಗೆ ಏನಿದೆ? ನೀರಿನ ನಲ್ಲಿ, ಬಟ್ಟೆ ಒಗೆಯೋ ಹಳ್ಳ, ಗುಡಿ. ಅಲ್ಲೂ ಕೈಯಲ್ಲಿ ಕೆಲಸ ಇದ್ದರೆ ಮಾತ್ರ ನಿಲ್ಲಬಹುದು. ಸುಮ್ನೆ ನಿಂತರೆ ಯಾಕೆ ನಿಂತಿ ಅಂತ ಕೇಳುತ್ತಾರೆ. ಸುಮ್ನೆ ಕೂರೋಕೆ, ನಗೋಕೆ, ಏನೂ ಮಾಡದೆ ಇರೋಕೆ ಒಂದು ಜಾಗ ಸಿಕ್ಕರೆ ಸಾಕು, ಅರ್ಧ ಕೆಲಸ ಆದಂತೆ.

ನಿಮ್ಮ ಪುಣ್ಯ, ನಿಮ್ಮ ಕೈಯಲ್ಲೇ ಅಂಥ ಕೋಣೆ ಇದೆ. ನಿಮ್ಮ ಗ್ರಂಥಾಲಯ. ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ ಹುಡುಗಿಯರಿಗೆ ಅಂತ ಗೊತ್ತು ಮಾಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಬರೆಸಿಕೊಂಡು ಗೋಡೆಗೆ ಅಂಟಿಸಿ. ಗ್ರಂಥಾಲಯದ ಕೀಲಿಕೈ ಅವರಿಗೆ ಕೊಡೋಕಾಗಲ್ಲ, ಅದು ನಿಮ್ಮ ಜವಾಬ್ದಾರಿ. ಅದಕ್ಕೇ ಒಂದು ಟ್ರಂಕು ತನ್ನಿ. ಅದರ ಕೀಲಿಕೈ ಹುಡುಗಿಯರ ಹತ್ತಿರ ಇರಲಿ, ನಿಮ್ಮ ಹತ್ತಿರ ಬೇಡ.

ಯಾಕೆ ಅಂತ ಹೇಳುತ್ತೇನೆ. ಗಂಗಾವತಿ ಕಡೆಯ ಒಂದು ಊರು. ಅಂಗನವಾಡಿ ಕೋಣೆಯ ಮೂಲೆಯಲ್ಲಿ ನಮ್ಮ ಗುಂಪಿನ ಟ್ರಂಕು ಇತ್ತು. ಹಸಿರು ಬಣ್ಣದ ತಗಡಿನದು, ಒಂದು ಕಡೆ ಚಿಲಕ ಸಡಿಲ. ಒಳಗೆ ನಡಾವಳಿ ಪುಸ್ತಕ, ಸ್ಟೀಲ್ ಡಬ್ಬಿಯಲ್ಲಿ ದುಡ್ಡು, ಎರಡು ಸ್ಕಿಪ್ಪಿಂಗ್ ಹಗ್ಗ, ಪ್ಯಾಡಿನ ಪೊಟ್ಟಣಗಳು, ಯಾರೋ ತಂದಿಟ್ಟಿದ್ದ ಮೆಹಂದಿ ಕೋನು. ಕೀಲಿಕೈ ತಿಂಗಳಿಗೆ ಒಬ್ಬಳ ಹತ್ತಿರ. ಆ ತಿಂಗಳು ಅದು ಇದ್ದದ್ದು ಶಾಲೆ ಬಿಟ್ಟು ಭತ್ತದ ಗದ್ದೆಗೆ ಕೂಲಿಗೆ ಹೋಗುತ್ತಿದ್ದ ಹದಿನೈದು ವರ್ಷದ ಹುಡುಗಿ ಹತ್ತಿರ. ವೇಲಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅವತ್ತು ಊರ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ‘ಆ ಪುಸ್ತಕ ಕೊಡವಾ, ಏನ್ ಬರದೀರಿ ನೋಡೂಣು’ ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ, ಹೇಳಬಾರದು ಅಂತ ತುಟಿ ಕಚ್ಚಿ ಕೂತಿದ್ದೆ. ಒಂದು ಗಳಿಗೆ ಸುಮ್ಮನಿದ್ದು, ‘ಈಗ ಕೊಡಾಕ ಬರಂಗಿಲ್ರಿ ಯಜ್ಜಾ. ಎಲ್ಲಾರನ್ನೂ ಕೇಳಬೇಕ್ರಿ. ಶನಿವಾರ ಬರ್ರಿ’ ಅಂದಳು. ಕೈ ಸೊಂಟದ ಗಂಟಿನ ಮೇಲಿತ್ತು. ಧ್ವನಿ ಸಣ್ಣಗೆ ನಡುಗುತ್ತಿತ್ತು, ಆದರೂ ಮಾತು ಪೂರ್ತಿ ಹೇಳಿದಳು. ಅವರು ಶನಿವಾರ ಬಂದರು. ಹುಡುಗಿಯರೇ ಪುಸ್ತಕ ಓದಿ ಹೇಳಿದರು, ಅವರು ನೆಲದ ಮೇಲೆ ಕೂತು ಕೇಳಿದರು. ಮುಂದೆ ಸೋರುತ್ತಿದ್ದ ಮೂಲೆಗೆ ತಗಡು ಹಾಕಿಸಿಕೊಟ್ಟದ್ದೂ ಅವರೇ.

ಮನೆಯವರು ಕಳಿಸಲ್ಲ ಅನ್ನೋದು ನಿಜವಾದ ಕಷ್ಟ. ಆದರೆ ಅವರನ್ನು ವಿರೋಧಿಗಳು ಅಂತ ನೋಡಬೇಡಿ. ತಾಯಿಗೆ ಇರೋದು ಒಂದೇ ಹೆದರಿಕೆ, ಹೆಸರು ಕೆಟ್ಟರೆ ನಾಳೆ ಯಾರು ಮದುವೆ ಆಗುತ್ತಾರೆ ಅಂತ. ಅದನ್ನು ಹಳೇ ಕಾಲದ ಯೋಚನೆ ಅಂತ ತಳ್ಳಿಹಾಕೋಕೆ ಆಗಲ್ಲ, ಊರಲ್ಲಿ ಬಾಳುವವರು ಅವರು. ಹಾಗಾಗಿ ಹುಡುಗಿಯರ ಸಭೆಗಿಂತ ಮೊದಲು ತಾಯಂದಿರ ಹತ್ತಿರ ಹೋಗಿ. ಮನೆಮನೆಗೆ ಹೋಗಬೇಕು, ಬೇರೆ ದಾರಿ ಇಲ್ಲ. ಅವರು ರೊಟ್ಟಿ ಬಡಿಯೋ ಹೊತ್ತಲ್ಲಿ ಹೋಗಿ, ಒಲೆ ಮುಂದೆ ಕೂತೇ ಮಾತಾಡಿ. ಎಲ್ಲಿ ಸೇರುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತೀರಿ, ಯಾರು ಜೊತೆ ಬರುತ್ತಾರೆ, ಗಂಡಸರು ಇರುತ್ತಾರಾ, ಇಷ್ಟನ್ನು ಕೇಳದೇ ಇದ್ದರೂ ಹೇಳಿ. ಕತ್ತಲಾಗೋ ಮೊದಲು ಮನೆ ಮುಟ್ಟಬೇಕು ಅಂದರೆ ಮುಟ್ಟಲೇಬೇಕು, ಒಂದು ದಿನವೂ ತಪ್ಪಬಾರದು. ತಿಂಗಳಿಗೊಮ್ಮೆ ತಾಯಂದಿರನ್ನೇ ಕರೆದು ಕೂರಿಸಿ, ಮಗಳು ಎದ್ದು ನಿಂತು ಲೆಕ್ಕ ಓದಲಿ. ತನ್ನ ಮಗಳು ಹತ್ತು ಜನರ ಎದುರು ಓದೋದನ್ನು ನೋಡಿದ ತಾಯಿ ಮುಂದಿನ ವಾರ ತಾನೇ ‘ಹೊತ್ತಾತು, ಹೋಗು’ ಅಂತಾಳೆ. ಕೆಲವು ಮನೆಯಲ್ಲಿ ಇಷ್ಟಾದರೂ ಕಳಿಸಲ್ಲ. ಒತ್ತಾಯ ಮಾಡಬೇಡಿ, ಆ ಮನೆಗೆ ಹೋಗಿ ಬರೋದನ್ನು ಮಾತ್ರ ಬಿಡಬೇಡಿ.

ಹತ್ತಿ ಬಿಡಿಸೋ ಕಾಲ, ಮೆಣಸಿನಕಾಯಿ ಕಾಲ ಬಂದರೆ ಅರ್ಧ ಗುಂಪು ಖಾಲಿಯಾಗುತ್ತದೆ. ಆಗ ಸಭೆ ನಿಲ್ಲಿಸದೆ ಹೊತ್ತು ಬದಲಿಸಿ. ಶಾಲೆಗೆ ಹೋಗೋರಿಗೆ ಅನುಕೂಲವಾದ ಸಮಯ ಕೂಲಿಗೆ ಹೋಗೋರಿಗೆ ಆಗಲ್ಲ, ಸಾಮಾನ್ಯವಾಗಿ ನಾವು ಶಾಲೆಯವರನ್ನೇ ನೋಡಿ ಸಮಯ ಇಡುತ್ತೇವೆ. ಯಾರಿಗೆ ಗುಂಪು ಜಾಸ್ತಿ ಬೇಕೋ ಅವರೇ ಹೊರಗುಳಿಯುತ್ತಾರೆ.

ಇನ್ನೊಂದು ಮಾತು, ಇದನ್ನು ಮುಚ್ಚಿಡೋಕೆ ನನಗೆ ಇಷ್ಟವಿಲ್ಲ. ನಿಮ್ಮ ಗ್ರಂಥಾಲಯ ಊರಿನ ಯಾವ ಭಾಗದಲ್ಲಿದೆ? ದಲಿತ ಕೇರಿಯ ಹುಡುಗಿಯರು ಅಲ್ಲಿಗೆ ಸಲೀಸಾಗಿ ಬರುತ್ತಾರಾ? ಗುಡಿ ಕಟ್ಟೆ ಮೇಲೆ ಸಭೆ ಇಟ್ಟರೆ ಯಾರು ಬರಲ್ಲ ಅಂತ ನಿಮಗೆ ಗೊತ್ತಿರುತ್ತದೆ. ಮೊದಲ ಮನೆ ಭೇಟಿ ಆ ಕೇರಿಯಿಂದಲೇ ಶುರು ಮಾಡಿ. 1989ರಲ್ಲಿ ಬೀದರ್, ವಿಜಯಪುರ, ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಾಖ್ಯ ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾದಾಗ ಸಂಘ ಕಟ್ಟಿದ್ದು ತೀರಾ ಬಡವರ, ದಲಿತ ಹೆಂಗಸರ ನಡುವೆ. ಕೊನೆಯಲ್ಲಿ ಸೇರಿಸೋಣ ಅಂದುಕೊಂಡವರನ್ನು ಯಾವತ್ತೂ ಸೇರಿಸೋಕಾಗಲ್ಲ. ಹಾಗೇ ಮದುವೆಯಾಗಿ ತವರಿಗೆ ವಾಪಸ್ ಬಂದ ಹುಡುಗಿ ಇದ್ದರೆ ಅವಳನ್ನೂ ಕರೆಯಿರಿ. ಹದಿನೇಳಕ್ಕೆ ತಾಯಿಯಾದವಳೂ ಹುಡುಗಿಯೇ ಅಲ್ವಾ.

ಹೊಲಿಗೆ ತರಬೇತಿ ಬೇಡ ಅಂತ ನಾನು ಹೇಳಲ್ಲ. ಹುಡುಗಿಯರನ್ನು ಕೇಳಿದ್ದೀರಾ ಅಂತ ಕೇಳುತ್ತೇನೆ. ನಾವು ಒಂದು ಊರಲ್ಲಿ ಕೇಳಿದಾಗ ಅವರು ಹೇಳಿದ್ದು ಮೂರು: ಸೈಕಲ್ ಕಲಿಯಬೇಕು, ಬ್ಯಾಂಕಿನಲ್ಲಿ ಚೀಟಿ ತುಂಬೋದು ಕಲಿಯಬೇಕು, ಗಣಿತ ಹೇಳಿಕೊಡೋರು ಬೇಕು. ಈ ಮೂರನೆಯದರ ಮೇಲೆ ನಿಮ್ಮ ಪೂರ್ತಿ ಶಕ್ತಿ ಹಾಕಿ ಅಂತ ಬೇಡಿಕೊಳ್ಳುತ್ತೇನೆ. ನಮ್ಮ ಕಡೆ ಹುಡುಗಿಯ ಬದುಕಿನಲ್ಲಿ ಅತಿ ಅಪಾಯದ ವಾರ ಅಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವ ವಾರ. ಗಣಿತದಲ್ಲೋ ಇಂಗ್ಲಿಷಿನಲ್ಲೋ ಫೇಲಾದಳು ಅಂದರೆ, ಮನೆಯಲ್ಲಿ ಯಾಕೆ ಕೂರಿಸಿಕೊಳ್ಳೋದು ಅನ್ನೋ ಮಾತು ಶುರು. ಬೇಸಿಗೆ, ಮದುವೆ ಸೀಸನ್, ಬಸವ ಜಯಂತಿ, ಅಕ್ಷಯ ತದಿಗೆ ಎಲ್ಲಾ ಅದರ ಆಸುಪಾಸಲ್ಲೇ. ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಒಂದರಲ್ಲಿ ಹೋದದ್ದನ್ನು ಮುಂದಿನದರಲ್ಲಿ ಕಟ್ಟಬಹುದು. ಈ ಸುದ್ದಿ ಎಷ್ಟೋ ಮನೆಗೆ ಮುಟ್ಟೋ ಹೊತ್ತಿಗೆ ಅರ್ಜಿ ಹಾಕುವ ದಿನ ಮುಗಿದಿರುತ್ತದೆ. ನಿಮ್ಮ ಗುಂಪಿಗೆ ಇದೊಂದು ಕೆಲಸ ಕೊಡಿ: ಫಲಿತಾಂಶ ಬಂದ ಸಂಜೆಯೇ ಫೇಲಾದ ಹುಡುಗಿಯರ ಮನೆಗೆ ಇಬ್ಬಿಬ್ಬರು ಹೋಗೋದು. ಸಮಾಧಾನ ಮಾಡೋದು, ಮರುದಿನ ಶಾಲೆಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸೋದು, ಗ್ರಂಥಾಲಯದಲ್ಲಿ ಒಟ್ಟಿಗೆ ಓದೋಕೆ ಕೂರಿಸೋದು. ಪರೀಕ್ಷೆಗೆ ಓದುತ್ತಿದ್ದಾಳೆ ಅಂದರೆ ಮದುವೆ ಮಾತು ತಾನಾಗೇ ಹಿಂದೆ ಸರಿಯುತ್ತದೆ. ಯುವಕ ಸಂಘದಲ್ಲಿ ಬಿಎಸ್ಸಿ ಓದಿದ ಹುಡುಗರು ಇರಬೇಕಲ್ಲ, ಗಣಿತ ಹೇಳಿಕೊಡೋಕೆ ಅವರು ಬರಲಿ. ಬಾಗಿಲು ತೆರೆದಿರಲಿ, ನೀವು ಅಲ್ಲೇ ಇರಿ.

ಯುವಕ ಸಂಘದವರು ಇನ್ನೂ ಎರಡು ಸಹಾಯ ಮಾಡಬಹುದು. ಒಂದು ಮೈದಾನ. ವಾರಕ್ಕೆ ಎರಡು ದಿನ ಸಂಜೆ ಐದರಿಂದ ಆರೂವರೆ ಹುಡುಗಿಯರಿಗೆ ಬಿಟ್ಟುಕೊಡಲಿ, ಸುತ್ತ ನಿಂತು ನೋಡೋರು ಇಲ್ಲದ ಹಾಗೆ ನೋಡಿಕೊಳ್ಳಲಿ. ಖೋಖೋ ಆಡಲಿ, ಕಬಡ್ಡಿ ಆಡಲಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರೂ ಹಳ್ಳಿಯ ಹುಡುಗಿಯೇ. ಜಾರ್ಖಂಡ್‌ನ ರಾಂಚಿ ಹತ್ತಿರ ಯುವಾ ಅನ್ನೋ ಸಂಸ್ಥೆ 2009ರಿಂದ ಹಳ್ಳಿ ಹುಡುಗಿಯರಿಗೆ ಫುಟ್‌ಬಾಲ್ ಆಡಿಸುತ್ತಿದೆ, 2019ರಲ್ಲಿ ಲಾರಿಯಸ್ ಅನ್ನೋ ಅಂತರರಾಷ್ಟ್ರೀಯ ಕ್ರೀಡಾ ಪ್ರಶಸ್ತಿಯೂ ಬಂತು. ಆದರೆ ಕಪ್ಪು, ಪ್ರಶಸ್ತಿಗಿಂತ ನನಗೆ ಮುಖ್ಯವಾದದ್ದು ಬೇರೆ. ಓಡೋ ಹುಡುಗಿಗೆ ತನ್ನ ಮೈ ಮೇಲೆ ನಾಚಿಕೆ ಕಡಿಮೆಯಾಗುತ್ತದೆ. ಬಿದ್ದರೆ ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಓಡುತ್ತಾಳೆ. ಕೂಗಿ ಕರೆಯೋಕೆ ಕಲಿಯುತ್ತಾಳೆ. ಜೋರಾಗಿ ಮಾತಾಡಬೇಡ ಅಂತ ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು ಮೈದಾನದಲ್ಲಿ ಗಂಟಲು ಬಿಚ್ಚಿ ‘ಖೋ’ ಅಂತ ಕೂಗೋದಿದೆಯಲ್ಲ, ಅದನ್ನು ಕೇಳಬೇಕು ನೀವು.

ಎರಡನೆಯದು ಬಸ್ ಸ್ಟಾಪು. ಪಿಯುಸಿಗೆ ಹೋಗೋ ಹುಡುಗಿಯರು ಓದು ಬಿಡೋದಕ್ಕೆ ಎಷ್ಟೋ ಸಲ ಬಸ್ ಸ್ಟಾಪಿನ ಕಾಟವೇ ಕಾರಣ. ಈಗ ಬಸ್ಸು ಫ್ರೀ, 2023ರ ಜೂನ್‌ನಿಂದ ಟಿಕೆಟ್ ದುಡ್ಡಿನ ಅಡ್ಡಿ ಹೋಯಿತು. ಆದರೆ ದಾರಿಯಲ್ಲಿ ಚುಡಾಯಿಸುತ್ತಾರೆ ಅಂತ ಮನೆಯಲ್ಲಿ ಗೊತ್ತಾದರೆ ನಿಲ್ಲೋದು ಹುಡುಗಿಯ ಓದು, ಚುಡಾಯಿಸಿದವನ ತಿರುಗಾಟ ಅಲ್ಲ. ಇದನ್ನು ಹುಡುಗರು ಹುಡುಗರಿಗೇ ಹೇಳಬೇಕು. ಸಂಘದ ಅಧ್ಯಕ್ಷ ಅಲ್ಲಿ ಎರಡು ದಿನ ಬೆಳಗ್ಗೆ ಬಂದು ನಿಂತರೂ ಸಾಕು.

ಮೊಬೈಲ್ ಬಗ್ಗೆ ಕಟ್ಟುನಿಟ್ಟಾಗಿರಿ. ಒಂದು ಊರಲ್ಲಿ ಸಹಾಯಕ್ಕೆ ಅಂತ ಬಂದ ಹುಡುಗನೊಬ್ಬ ಸಭೆಯ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಕೆಟ್ಟ ಮನಸ್ಸಿನಿಂದ ಅಲ್ಲ, ಒಳ್ಳೇ ಕೆಲಸ ಅಂತಲೇ ಹಾಕಿದ್ದ. ಅದು ಎಲ್ಲೆಲ್ಲಿಗೋ ಹೋಯಿತು. ಮರುವಾರ ಹತ್ತೊಂಬತ್ತರಲ್ಲಿ ಆರೇ ಜನ ಬಂದರು, ಆ ಗುಂಪು ಮತ್ತೆ ಕಟ್ಟೋಕೆ ಎಂಟು ತಿಂಗಳು ಹಿಡಿಯಿತು. ಫೋಟೊ ಬೇಡ ಅಂತ ಮೊದಲೇ ಹೇಳದೇ ಇದ್ದದ್ದು ನನ್ನ ತಪ್ಪು. ವರದಿಗೆ ಫೋಟೊ ಬೇಕು ಅಂತ ಯಾರಾದರೂ ಕೇಳಿದರೆ ಟ್ರಂಕಿನ ಫೋಟೊ ಕೊಡಿ, ಪುಸ್ತಕದ ಫೋಟೊ ಕೊಡಿ.

ಆರು ತಿಂಗಳಾದ ಮೇಲೆ ಗುಂಪನ್ನು ಊರಿನ ಎದುರಿಗೆ ತನ್ನಿ. ಅದಕ್ಕೆ ನಮ್ಮ ರಾಜ್ಯದಲ್ಲಿ ಒಳ್ಳೇ ದಾರಿ ಇದೆ, ಮಕ್ಕಳ ಗ್ರಾಮಸಭೆ. ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ ನಡೆಸಬೇಕು ಅಂತ 2006ರಲ್ಲೇ ಸರ್ಕಾರದ ಸುತ್ತೋಲೆ ಬಂದಿದೆ. ಇದರ ಹಿಂದೆ ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘದ ಕೆಲಸವೂ ಇದೆ. ಅದು ಹುಟ್ಟಿದ್ದು 1990ರ ಏಪ್ರಿಲ್ 30ರಂದು. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಕಡೆ ಮಕ್ಕಳು ತಮ್ಮದೇ ಪಂಚಾಯಿತಿ ಮಾಡಿಕೊಂಡು, ಹಳ್ಳ ದಾಟೋಕೆ ಕಾಲುಸಂಕ ಬೇಕು ಅನ್ನೋಂಥ ಬೇಡಿಕೆಗಳನ್ನು ದೊಡ್ಡವರ ಮುಂದೆ ಇಟ್ಟರು. ನಿಮ್ಮ ಹುಡುಗಿಯರು ಏನು ಕೇಳಬೇಕು ಅಂತ ನೀವು ಬರೆದುಕೊಡಬೇಡಿ. ನಮ್ಮ ಗುಂಪೊಂದು ಕೇಳಿದ್ದು ಒಂದು ಬೀದಿದೀಪ. ಕೇರಿಯಿಂದ ರಸ್ತೆಗೆ ಬರೋ ತಿರುವಿನಲ್ಲಿ ಕತ್ತಲಿತ್ತು, ಟ್ಯೂಷನ್ ಮುಗಿಸಿ ಬರೋಕೆ ಹೆದರುತ್ತಿದ್ದರು. ಯಾವ ಕಂಬ, ಕಂಬದ ನಂಬರ್ ಎಷ್ಟು, ಎಷ್ಟು ದಿನದಿಂದ ಬಲ್ಬ್ ಇಲ್ಲ, ಎಲ್ಲಾ ಬರೆದುಕೊಂಡು ಹೋಗಿದ್ದರು. ಹನ್ನೆರಡು ದಿನದಲ್ಲಿ ದೀಪ ಬಂತು. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಅವತ್ತಿಂದ ಆ ದೀಪಕ್ಕೆ ‘ಹುಡುಗ್ಯಾರ ಲೈಟು’ ಅಂತಲೇ ಹೆಸರು. ಪಂಚಾಯಿತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗಿದೆ, 21 ತುಂಬಿದರೆ ಚುನಾವಣೆಗೆ ನಿಲ್ಲಬಹುದು. ಕಂಬದ ನಂಬರ್ ಬರೆದುಕೊಂಡು ಹೋದ ಹುಡುಗಿ ನಾಳೆ ಸದಸ್ಯೆಯಾದರೆ ಗಂಡನ ಕೈಗೆ ಸಹಿ ಪುಸ್ತಕ ಕೊಟ್ಟು ಮನೆಯಲ್ಲಿ ಕೂರಲ್ಲ ಅಂತ ನನ್ನ ನಂಬಿಕೆ.

ಒಂದು ವಿಷಯದಲ್ಲಿ ಮಾತ್ರ ಹುಡುಗಿಯರನ್ನು ಮುಂದೆ ಬಿಡಬೇಡಿ. ಮದುವೆ ನಿಲ್ಲಿಸೋ ಸಂದರ್ಭ ಬಂದರೆ ಅವರು ಆ ಮನೆ ಮುಂದೆ ಹೋಗಿ ನಿಲ್ಲಬಾರದು. ಅದು ದೊಡ್ಡವರ ಕೆಲಸ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹೇಳಿದವರ ಹೆಸರು ಹೊರಗೆ ಬರಬೇಕಾಗಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಪಿಡಿಒ ಇವರಿಗೆಲ್ಲ ಮದುವೆ ತಡೆಯೋ ಅಧಿಕಾರವೂ ಇದೆ, ಜವಾಬ್ದಾರಿಯೂ ಇದೆ. ನಿಲ್ಲಿಸಿದ ಮೇಲೆ ಎಲ್ಲರೂ ಜೀಪು ಹತ್ತಿ ಹೋಗುತ್ತಾರೆ, ಹುಡುಗಿ ಅದೇ ಮನೆಯಲ್ಲಿ ಉಳಿಯುತ್ತಾಳೆ. ಖರ್ಚು ಮಾಡಿದ ಅಪ್ಪ, ಅಳೋ ಅಮ್ಮ, ಬಯ್ಯೋ ಅಜ್ಜಿ. ತಿಂಗಳು ಬಿಟ್ಟು ಬೇರೆ ಊರಿಗೆ ಕರೆದುಕೊಂಡು ಹೋಗಿ ಮದುವೆ ಮುಗಿಸಿದ್ದನ್ನೂ ನೋಡಿದ್ದೇನೆ. ಗುಂಪಿನ ನಿಜವಾದ ಕೆಲಸ ಆಗ ಶುರು. ಮರುದಿನವೇ ಇಬ್ಬರು ಗೆಳತಿಯರು ಅವಳ ಮನೆಗೆ ಹೋಗಬೇಕು, ಏನೂ ಆಗಿಲ್ಲ ಅನ್ನೋ ಹಾಗೆ ಶಾಲೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಬೇಕು. ಅವಳು ಎರಡು ದಿನ ಕಾಣದಿದ್ದರೆ ನಿಮಗೆ ಬಂದು ಹೇಳಬೇಕು.

ನೋಂದಣಿ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮುಂದೆ 18 ದಾಟಿದ ಏಳು ಜನ ಸಿಕ್ಕರೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಯುವತಿ ಮಂಡಳಿ ಅಂತ ಮಾಡಿಕೊಳ್ಳಬಹುದು. ಆರೋಗ್ಯದ ಮಾತಿಗೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ, ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅಂತ ಇರೋ ಸ್ನೇಹ ಕ್ಲಿನಿಕ್‌ಗೆ ಒಮ್ಮೆ ಎಲ್ಲರೂ ಸೇರಿ ಹೋಗಿ ಬನ್ನಿ. ಮೊದಲ ಸಲ ಒಟ್ಟಿಗೆ ಹೋದವರು ಎರಡನೇ ಸಲ ಇಬ್ಬರೇ ಹೋಗುತ್ತಾರೆ.

ಈಗ ಆ ಎತ್ತಿಟ್ಟ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಒಂದು ಟ್ರಂಕು, ಒಂದು ಬೀಗ, ಒಂದು ಉದ್ದನೆಯ ಪುಸ್ತಕ, ಹಗ್ಗ, ಚಾಪೆ, ಕಲಿಯೋಕೆ ಒಂದು ಹಳೇ ಸೈಕಲ್. ಉಳಿದದ್ದು ಡಬ್ಬಿಗೆ ಹಾಕಿ, ಹೇಗೆ ಖರ್ಚು ಮಾಡಬೇಕು ಅಂತ ಹುಡುಗಿಯರು ಕೂತು ತೀರ್ಮಾನಿಸಲಿ. ಅವರು ಮೊದಲ ದುಡ್ಡನ್ನು ಕನ್ನಡಿಗೋ, ಬಳೆಗೋ, ಮಿರ್ಚಿ ಭಜಿಗೋ ಹಾಕಿದರೆ ಬೇಡ ಅನ್ನಬೇಡಿ. ಪುಸ್ತಕದಲ್ಲಿ ಲೆಕ್ಕ ಬರೆದರೆ ಸಾಕು.

ಮೊದಲ ಸಭೆಗೆ ಇಪ್ಪತ್ತು ಜನ ಬರಬಹುದು, ಎರಡನೆಯದಕ್ಕೆ ಒಂಬತ್ತು. ಅದು ಎಲ್ಲಾ ಕಡೆ ಹಾಗೇ, ಹೆದರಬೇಡಿ. ನಾಲ್ಕನೇ ಸಭೆ ಆದ ಮೇಲೆ ನನಗೆ ಬರೆಯಿರಿ. ಯಾರು ಬರೋದು ಬಿಟ್ಟರು, ಅವರ ಮನೆ ಯಾವ ಓಣಿಯಲ್ಲಿದೆ, ಆ ಮನೆಗೆ ಹೋದಾಗ ತಾಯಿ ಏನಂದರು ಅಂತ ಬರೆಯಿರಿ. ಅಲ್ಲಿಂದ ಮುಂದಿನದನ್ನು ಮಾತಾಡೋಣ.